ಬಾಣಂತಿ ಕೋಣೆಗೆ ತಿಗಣೆ ಬಿದ್ದಾಗ

ನನಗೆ ಮೊದಲು ಕೋಪ ಬಂದದ್ದು ಜೇಡದ ಮಾತಿಗೆ.

ಮಗಳಿಗೆ ಹೆರಿಗೆಯಾಗಿ ಇಪ್ಪತ್ತೆರಡು ದಿನವಾಗಿತ್ತು. ಆಪರೇಷನ್ ಮಾಡಿ ತೆಗೆದ ಕೂಸು. ಹೊಲಿಗೆ ಒಣಗಿದ್ದರೂ ಮಂಚದಿಂದ ಏಳುವಾಗ ಅವಳು ಎರಡು ಕೈಯೂರಿ, ಹಲ್ಲು ಕಚ್ಚಿಕೊಂಡು ಏಳುತ್ತಿದ್ದಳು. ಚಾಮರಾಜನಗರದಿಂದ ಅವಳ ಅತ್ತೆ, ಅಂದರೆ ನನ್ನ ಬೀಗಿತ್ತಿ, ಮೊಮ್ಮಗಳನ್ನು ನೋಡಲು ಬೇಗೂರಿನ ನಮ್ಮ ಮನೆಗೆ ಬಂದಿದ್ದರು. ಬಂದವರೇ ಕೂಸಿನ ಅಂಗಿ ಎತ್ತಿ ಬೆನ್ನು ನೋಡಿದರು. ಸಾಲಾಗಿ ಮೂರು ಕೆಂಪು ಗುಳ್ಳೆ. ತೊಡೆಯ ಮೇಲೆ ಇನ್ನೆರಡು. ಮಗಳ ಕತ್ತಿನಲ್ಲೂ ಅಂಥದ್ದೇ ಸಾಲು.

“ಜೇಡ ಅರಿದದ ಕಣಮ್ಮ” ಅಂದರು. “ಉಚ್ಚೆ ಉಯ್ದದ. ಮೂಲೇಲಿ ಬಲೆ ಕಟ್ಟಾಕೆ ಬುಟ್ಟಿದ್ದೀರಿ. ಬಾಣಂತಿ ಮಲಗೋ ಕೋಣೆನಾ ಇದು?”

ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಗುಡಿಸಿ, ಸಾರಿಸಿ, ಮಿಂದು, ವಿಭೂತಿ ಧರಿಸಿ ಲಿಂಗಪೂಜೆ ಮುಗಿಸದೆ ನಾನು ಒಂದು ತೊಟ್ಟು ಕಾಫಿ ಕುಡಿದವಳಲ್ಲ. ನನ್ನ ಮನೆಯನ್ನು ಕೊಳಕು ಅಂದರೆ ಎದೆ ಉರಿಯುತ್ತದೆ. ಆದರೂ ಬೀಗರ ಮುಂದೆ ಬಾಯಿ ಬಿಡಬಾರದೆಂದು ಸುಮ್ಮನಿದ್ದೆ.

“ಇಪ್ಪತ್ತು ದಿನ ನೋಡ್ತೀನಿ” ಅಂದರು ಬೀಗಿತ್ತಿ. “ಆಮೇಲೂ ಇಂಗೇ ಇದ್ರ ತಾಯಿ ಮಗು ಇಬ್ರನ್ನೂ ಕರ್ಕಂಡು ಓಯ್ತೀನಿ. ನಮ್ಮನೇಲಿ ಟೈಲ್ಸ್ ಆಕ್ಸಿವಿ. ಒಂದು ಇರುವೆ ಬರಾಕಿಲ್ಲ.”

ಆ ಟೈಲ್ಸ್ ಮನೆಯಲ್ಲಿ ಏಳು ಜನ ಉಣ್ಣುತ್ತಾರೆ. ಬಡಿಸುವವಳು ನನ್ನ ಮಗಳೊಬ್ಬಳೇ. ಎಂಟನೇ ತಿಂಗಳವರೆಗೂ ಅವಳು ಅಲ್ಲಿ ನೀರಿನ ಬಿಂದಿಗೆ ಎತ್ತಿದ್ದಾಳೆ. ಈಗ ಹೋದರೆ ಮೂರನೇ ದಿನಕ್ಕೆ ಒಲೆಯ ಮುಂದೆ ನಿಂತಿರುತ್ತಾಳೆ ಅನ್ನುವುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅತ್ತೆ ಬಸ್ಸು ಹತ್ತಿದ ಮೇಲೆ ಮಗಳು ಗೋಡೆ ಕಡೆ ತಿರುಗಿ ಮಲಗಿ ಹೇಳಿದಳು: “ಅವ್ವ, ಕಚ್ಚಿದ್ರ ಕಚ್ಲಿ. ನನ್ನ ಕಳಿಸ್ಬೇಡ.”

ಅವತ್ತೇ ಉದ್ದದ ಪೊರಕೆ ತೆಗೆದುಕೊಂಡು ಮೂಲೆಮೂಲೆಯ ಜೇಡವನ್ನೆಲ್ಲ ಬಲೆಯ ಸಮೇತ ಗುಡಿಸಿ ಆಚೆ ಹಾಕಿದೆ. ಉದ್ದ ಕಾಲಿನ ಬಡಪಾಯಿ ಜೇಡಗಳು. ಮಾರನೇ ದಿನ ಕೂಸಿನ ತೋಳಿನ ಮೇಲೆ ಹೊಸದಾಗಿ ಮೂರು ಗುಳ್ಳೆ.

ಸೊಳ್ಳೆ ಅನ್ನೋಣವೆಂದರೆ ತಾಯಿ, ಮಗು ಇಬ್ಬರೂ ಸೊಳ್ಳೆಪರದೆಯ ಒಳಗೆ ಮಲಗುತ್ತಿದ್ದರು. ಪರದೆ ಎಲ್ಲೂ ಹರಿದಿರಲಿಲ್ಲ. ಸೊಳ್ಳೆ ಕಚ್ಚಿದರೆ ಅಲ್ಲೊಂದು ಇಲ್ಲೊಂದು. ಇದು ಗೆರೆ ಎಳೆದ ಹಾಗೆ ಸಾಲು. ಹಾಸಿಗೆ ಹತ್ತಿರ ಏನೋ ಓಡಿದ್ದನ್ನು ನೋಡಿದ್ದ ನಮ್ಮ ಯಜಮಾನರು “ಜಿರಲೆ ಮರಿ ಕಣೆ” ಅಂದರು. ಜಿರಲೆ ಮರಿ ಬೆಳಕು ಬಿದ್ದರೆ ಮೀಸೆ ಆಡಿಸಿಕೊಂಡು ಸರಕ್ಕನೆ ಓಡುತ್ತದೆ. ಸಾಲು ಹಿಡಿದು ಕಚ್ಚುವುದನ್ನು ನಾನಂತೂ ಕಾಣೆ. ಗುಂಡ್ಲುಪೇಟೆಗೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ಮುಲಾಮು ಬರೆದುಕೊಟ್ಟು, “ಇದು ಏನೋ ಹುಳ ಕಚ್ಚಿರೋದು. ಯಾವ ಹುಳ ಅಂತ ಗೊತ್ತಾಗದೆ ನಾನು ಮುಲಾಮು ಕೊಟ್ಟು ಏನು ಪ್ರಯೋಜನ? ಹಿಡಿದುಕೊಂಡು ಬನ್ನಿ” ಅಂದರು.

ಹಿಡಿಯುವುದು ಅಂದರೆ ಅದಕ್ಕೊಂದು ಹೊತ್ತು ಬೇಕು. ನಾನು ಏಳುವುದೇ ಬೆಳಗಿನ ಜಾವ ನಾಲ್ಕಕ್ಕೆ. ಮಾರನೇ ದಿನ ಮೀಯುವುದಕ್ಕೆ ಮೊದಲು ಟಾರ್ಚು, ಗಮ್ ಟೇಪು ತೆಗೆದುಕೊಂಡು ಬಾಣಂತಿ ಕೋಣೆಗೆ ಹೋದೆ. ಪರದೆ ಎತ್ತಿ ಹಾಸಿಗೆಯ ಅಂಚಿನ ದಪ್ಪ ಹೊಲಿಗೆಯನ್ನು ಬೆರಳಲ್ಲಿ ಬಿಡಿಸುತ್ತಾ ಹೋದೆ. ಮೊದಲು ಕಂಡದ್ದು ಶಾಯಿ ಚುಕ್ಕೆಯಂಥ ಕಪ್ಪು ಕಲೆಗಳು. ಆಮೇಲೆ ಹುಳ. ಸಿಪ್ಪೆಯಿರುವ ಮಸೂರ್ ಬೇಳೆಯಷ್ಟು, ದುಂಡಗೆ, ಕಂದು ಬಣ್ಣ. ರಕ್ತ ಕುಡಿದು ಹೊಟ್ಟೆ ಉಬ್ಬಿದ್ದರಿಂದ ಓಡಲೂ ಆಗದೆ ತೆವಳುತ್ತಿತ್ತು. ಟೇಪಿನ ಅಂಟಿಗೆ ಒತ್ತಿ ಹಿಡಿದೆ. ಕೈಗೆ ಕೊಳೆತ ಕೊತ್ತಂಬರಿ ಸೊಪ್ಪಿನ ವಾಸನೆ ಹತ್ತಿತು. ಆ ವಾಸನೆಗೆ ನಾನು ಭೀಮನಬೀಡಿನ ನನ್ನ ತವರಿನ ಹಿತ್ತಿಲಿಗೆ ಹೋಗಿಬಿಟ್ಟೆ. ನಮ್ಮಪ್ಪ ಹಗ್ಗದ ಮಂಚವನ್ನು ಬಿಸಿಲಲ್ಲಿ ನಿಲ್ಲಿಸಿ ದೊಣ್ಣೆಯಿಂದ ಬಡಿಯುತ್ತಿದ್ದರು, ನಾವು ಮಕ್ಕಳು ಉದುರಿದ್ದನ್ನು ಕಲ್ಲಲ್ಲಿ ಅರೆಯುತ್ತಿದ್ದೆವು. ತಿಗಣೆ. ನನ್ನ ಮದುವೆಯ ಹೊತ್ತಿಗೆ ಈ ಸೀಮೆಯಲ್ಲೇ ಅದು ಮುಗಿದುಹೋಯಿತು ಅಂದುಕೊಂಡಿದ್ದೆ.

ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹೋಗಿ ತೋರಿಸಿದಾಗ ಡಾಕ್ಟರು ತಲೆಯಾಡಿಸಿದರು. ಇದು ರೋಗ ಹರಡುವ ಹುಳ ಅಲ್ಲ, ಕೂಸಿನ ಉಗುರು ಕತ್ತರಿಸಿ, ಗುಳ್ಳೆ ಕೆರೆದು ಕೀವಾಗದ ಹಾಗೆ ನೋಡಿಕೊಳ್ಳಿ, ಬಟ್ಟೆಗಳನ್ನು ಕುದಿಸಿ, ಕೂಸು ಇರುವ ಮನೆಯಲ್ಲಿ ಔಷಧಿ ಮಾತ್ರ ಹೊಡೆಯಬೇಡಿ ಅಂದರು. ರೋಗ ಹರಡುವುದಿಲ್ಲ ಅನ್ನುವುದು ನಮ್ಮ ಮನೆದೇವರು ಮಾದಪ್ಪ ಅವತ್ತು ತೋರಿಸಿದ ಕರುಣೆ. ಬಸ್ಸಿನಲ್ಲೇ ಕಣ್ಣು ಮುಚ್ಚಿ ಕೈ ಮುಗಿದೆ.

ಮಾರನೇ ದಿನ ಹಿತ್ತಿಲ ಬಚ್ಚಲಲ್ಲಿ ಮಗಳಿಗೆ ಎಣ್ಣೆ ನೀರು ಹಾಕಿ, ಕೂಸಿಗೂ ಎರೆದು, ಇಬ್ಬರನ್ನೂ ಬೆಚ್ಚಗೆ ಸುತ್ತಿಕೊಂಡು ಒಳಗೆ ಬಂದೆ. ನಡುಮನೆಗೆ ಕಾಲಿಡುವಷ್ಟರಲ್ಲಿ ಮೂಗಿಗೆ ಬಡಿಯಿತು. ಗಂಟಲು ಹಿಡಿಯುವ ಘಾಟು. ಯಜಮಾನರು ಹೊಲದ ಸ್ಪ್ರೇಯರ್ ಕ್ಯಾನು ಬೆನ್ನಿಗೆ ಹಾಕಿಕೊಂಡು ಬಾಣಂತಿ ಕೋಣೆಯಿಂದ ಹೊರಗೆ ಬರುತ್ತಿದ್ದರು.

“ಏನ್ ಮಾಡಿದ್ರಿ?”

“ಸಾಯ್ಲಿ ಅಂತ ಒಸಿ ಒಡ್ದೆ ಕಣೆ. ಚೆಂಡೂವಿಗೆ ಒಡಿಯೋದೇ. ಹೊಲ್ದಲ್ಲಿ ಸಾಯ್ತವ, ಇಲ್ಲಿ ಸಾಯಾಕಿಲ್ವಾ?”

“ಚೆಂಡೂವು ಎದೆ ಆಲು ಕುಡಿಯಾಕಿಲ್ಲ ಕಣ್ರೀ. ಆಸ್ಗೆ ಮೇಲೆ ಮಲಗಾಕಿಲ್ಲ.”

“ಅಂಗಡಿಯೋನ್ನ ಕೇಳ್ದೆ. ಏನೂ ಆಗಕಿಲ್ಲ ಅಂದ.”

“ಆ ಅಂಗಡಿಯೋನ್ನೇ ಕರ್ಕಂಡು ಬನ್ನಿ. ಇವತ್ತು ಈ ಕೋಣೇಲಿ ಬಾಗ್ಲಾಕಂಡು ಮಲಗ್ಲಿ.”

ಗಂಡನ ಮೇಲೆ ನಾನು ಅಷ್ಟು ಗಟ್ಟಿಯಾಗಿ ಕೂಗಿದ್ದು ಅದೇ ಮೊದಲು. ಪಕ್ಕದ ಮನೆಯವರು ಹಿತ್ತಿಲ ಬೇಲಿಯವರೆಗೆ ಬಂದು ನೋಡಿದರು. ಮಗಳಿಗೆ ವಾಕರಿಕೆ ಬಂತು. ತಾಯಿ ಮಗು ಇಬ್ಬರನ್ನೂ ಹಾಗೇ ತಿರುಗಿಸಿಕೊಂಡು ಪಕ್ಕದ ಮನೆಯ ಜಗಲಿಯಲ್ಲಿ ಕೂರಿಸಿದೆ. ಕೂಸು ಹಾಲು ಕುಡಿದು ನಿದ್ದೆ ಮಾಡಿತು. ಅದರ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡುತ್ತಾ ಸಂಜೆಯವರೆಗೆ ಕುಳಿತೆ. ಔಷಧಿ ಹೊಡೆದ ಹೊತ್ತಿನಲ್ಲಿ ಕೂಸು ಬಚ್ಚಲಲ್ಲಿತ್ತು. ಆ ಪುಣ್ಯವನ್ನು ನಾನು ಸಾಯುವವರೆಗೂ ಎಣಿಸುತ್ತೇನೆ.

ಕೈಗೆ ಪ್ಲಾಸ್ಟಿಕ್ ಕವರು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೋಡೆ, ನೆಲ, ಮಂಚವನ್ನು ಸೋಪು ನೀರಲ್ಲಿ ಮೂರು ಸಲ ಒರೆಸಿ, ಕಿಟಕಿ ಬಾಗಿಲು ತೆರೆದು, ಆ ಕೋಣೆಯನ್ನು ಹಾಗೇ ಬಿಟ್ಟೆವು. ತಾಯಿ ಮಗುವಿಗೆ ನಡುಮನೆಯಲ್ಲಿ ಚಾಪೆಯ ಮೇಲೆ ಹಾಸಿದೆ. ಎರಡನೇ ಬೆಳಗ್ಗೆ ಅಲ್ಲೂ ಕಚ್ಚಿತು. ಮೂರನೇ ದಿನ ನಮ್ಮ ಕೋಣೆಯಲ್ಲಿ ಯಜಮಾನರ ಬೆನ್ನ ಮೇಲೇ ಸಾಲು ಬಿತ್ತು. ಔಷಧಿಗೆ ನಾಲ್ಕು ಸತ್ತಿರಬಹುದು, ಉಳಿದವು ಗೋಡೆ ಹಿಡಿದು ಚದುರಿಹೋಗಿದ್ದವು. ಒಂದು ಕೋಣೆಯ ಪೀಡೆ ಮೂರು ಕೋಣೆಯದಾಯಿತು. ಯಜಮಾನರು ಬೆನ್ನು ಕೆರೆದುಕೊಳ್ಳುವಾಗ ನಾನು ಮುಲಾಮು ಹಚ್ಚಲಿಲ್ಲ. ಡಬ್ಬಿ ತೋರಿಸಿದೆ, ಅಷ್ಟೇ.

ಹೊಸ ಹಾಸಿಗೆ ಬೇಕೇಬೇಕಾಗಿತ್ತು. ಗುಂಡ್ಲುಪೇಟೆಯಿಂದ ಹಾಸಿಗೆ ಹೊಲಿಯುವ ಸಾಬರನ್ನು ಕರೆಸಿದೆ. ವಯಸ್ಸಾದವರು, ಅವರ ತಂದೆಯ ಕಾಲದಿಂದ ಹತ್ತಿ ಹಿಂಜುವ ಮನೆತನ. ತಿಗಣೆ ಅನ್ನುವ ಮಾತನ್ನು ಅಕ್ಕಪಕ್ಕದವರಿಗೂ ಹೇಳದೆ ನುಂಗಿಕೊಂಡಿದ್ದ ನಾನು, ಅವರು ಹಾಸಿಗೆ ಮುಟ್ಟಲು ಹೋದಾಗ ತಡೆದು ಹೇಳಲೇಬೇಕಾಯಿತು.

ಅವರು ನಕ್ಕರು. “ಅದಕ್ಯಾಕಮ್ಮಾ ಇಷ್ಟು ನಾಚ್ಕೆ? ತಿಗಣೆ ಜಾತಿ ಕೇಳಾಕಿಲ್ಲ, ಟೈಲ್ಸೂ ನೋಡಾಕಿಲ್ಲ. ದೊಡ್ಡದೊಡ್ಡವ್ರ ಮನೆ ಆಸ್ಗೇಲೂ ತೆಗ್ದಿವ್ನಿ.” ಆಮೇಲೆ ಮೂಲೆಗಳನ್ನು ನೋಡಿ, “ಒಂದು ಜೇಡನೂ ಇಲ್ಲ. ಗುಡಿಸಿ ಆಕ್ಬುಟ್ರಾ?” ಅಂದರು.

“ಬೀಗ್ರು ಬೈದ್ರು.”

“ಪಾಪ, ಸೊಳ್ಳೆ ತಿನ್ಕಂಡು ಅದರ ಪಾಡಿಗೆ ಇತ್ತು.”

ಔಷಧಿ ಬಿದ್ದ ಹಾಸಿಗೆಯ ಹತ್ತಿ ಕೂಡ ಉಪಯೋಗಕ್ಕೆ ಬೇಡ ಅಂದು, ಹೊಸ ಹತ್ತಿಯಲ್ಲಿ ಬೇರೆ ಹಾಸಿಗೆ ಹೊಲಿದುಕೊಟ್ಟರು. ಆಮೇಲೆ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ನನಗೆ ಕೆಲಸ ಕಲಿಸಿದರು. ಮಂಚವನ್ನು ಪೂರ್ತಿ ಬಿಚ್ಚಿಸಿದರು. ಸ್ಕ್ರೂ ಕಿತ್ತ ತೂತಿನಲ್ಲಿ, ಮರ ಮರ ಸೇರುವ ಸಂದಿಯಲ್ಲಿ ರವೆ ಕಾಳಿನಂಥ ಬಿಳಿ ಮೊಟ್ಟೆಗಳು ಅಂಟಿಕೊಂಡಿದ್ದವು. ಮೂತಿಯಿರುವ ಕೆಟಲಿನಲ್ಲಿ ಕುದಿನೀರು ಹಿಡಿದು ಪ್ರತಿ ತೂತಿಗೂ ನಾನೇ ಹುಯ್ದೆ. ತಣ್ಣಗಾದ ನೀರನ್ನು ಅವರು ಮುಟ್ಟಲೂ ಬಿಡಲಿಲ್ಲ. “ಒಲೆಯಿಂದ ಇಳಿದದ್ದು ಇಳಿದಂಗೆ ಬೀಳ್ಬೇಕು. ಬೆಚ್ಚಗಿದ್ರ ಅದಕ್ಕ ಸ್ನಾನ ಮಾಡ್ಸಿದಂಗೆ” ಅಂದರು. ಮರ ಒಣಗಿದ ಮೇಲೆ ಸಂದಿಗಳಿಗೆ ಮೇಣದಬತ್ತಿ ಕರಗಿಸಿ ತುಂಬಿ ಮತ್ತೆ ಜೋಡಿಸಿದೆವು. ಮಂಚ ಗೋಡೆಯಿಂದ ಒಂದು ಮೊಳ ದೂರ, ನಾಲ್ಕು ಕಾಲೂ ಸೋಪು ನೀರಿನ ಬಟ್ಟಲಲ್ಲಿ, ಹೊದಿಕೆಯ ಅಂಚು ನೆಲಕ್ಕೆ ತಾಗುವಂತಿಲ್ಲ. ತಾಯಿ ಮಗು ತಿರುಗಿ ಅದೇ ಕೋಣೆಯಲ್ಲೇ ಮಲಗಬೇಕು. ಜಾಗ ಬದಲಾಯಿಸಿದಷ್ಟೂ ಹುಳ ಹಿಂದೆಯೇ ಬರುತ್ತದಂತೆ.

ಇನ್ನು ಬಟ್ಟೆ. ಮೂರು ಕೋಣೆಯ ಹೊದಿಕೆ, ದಿಂಬಿನ ಚೀಲ, ಪರದೆ, ಕೂಸಿನ ಬಟ್ಟೆ ಎಲ್ಲ ಕುದಿಯಬೇಕೆಂದರೆ ಯಾವ ಪಾತ್ರೆ ಸಾಲುತ್ತದೆ? ಹಿತ್ತಿಲಲ್ಲಿ ಅರಿಶಿನ ಬೇಯಿಸುವ ದೊಡ್ಡ ಕಡಾಯಿ ಮಗುಚಿ ಬಿದ್ದಿತ್ತು. ಎಷ್ಟು ತೊಳೆದರೂ ಅದರ ಬಣ್ಣ ಹೋಗುವುದಿಲ್ಲ. ಸೌದೆ ಹೊತ್ತಿಸಿ ಅದರಲ್ಲೇ ಕುದಿಸಿದೆ. ಮನೆಯ ಬಟ್ಟೆಯೆಲ್ಲ ಹಳದಿಯಾಯಿತು. ಯಜಮಾನರ ಪಂಚೆಯೂ ಹಳದಿ. “ಎಲ್ಲಾರೂ ಮದ್ಮಕ್ಳಾದೋ” ಅಂದಳು ಮಗಳು. ಎಷ್ಟೋ ದಿನದ ಮೇಲೆ ಅವಳು ನಗುವುದನ್ನು ಕಂಡೆ. ಒಂದೇ ಒಂದು ಬಿಳಿ ಹೊದಿಕೆಯನ್ನು ಬೇರೆ ಪಾತ್ರೆಯಲ್ಲಿ ಕುದಿಸಿ ಮಗಳ ಮಂಚಕ್ಕೆ ಇಟ್ಟುಕೊಂಡೆ. ಕಪ್ಪು ಚುಕ್ಕೆ ಬಿದ್ದರೆ ಕಾಣಬೇಕಲ್ಲ.

ಹೊರಡುವಾಗ ಸಾಬರು ಹೇಳಿದರು: “ಒಂದೆರಡು ಮೊಟ್ಟೆ ಎಲ್ಲಾದ್ರೂ ಉಳ್ಕಂಡಿರ್ತವ. ಮರಿ ಆಚೆ ಬರಾಕೆ ಒಂಬತ್ತತ್ತು ದಿನ. ಆಗ ಇನ್ನೊಂದ್ಸಲ ಎಲ್ಲಾನೂ ಇಂಗೇ ಮಾಡಿ.” ಮೊಪೆಡ್ಡು ಹತ್ತಿ ಕುಳಿತ ಮೇಲೆ ಮತ್ತೆ ಕೇಳಿದರು: “ಬಿಸಿನೀರು ಕಾಣದ ಬಟ್ಟೆ ಇನ್ಯಾವುದೂ ಇಲ್ವಲ್ಲಮ್ಮಾ?”

ಇಲ್ಲ ಅಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಟ್ಟೆ ಅಂದಾಗ ನನಗೆ ಕಂಬಳಿ ನೆನಪಿಗೇ ಬರಲಿಲ್ಲ.

ನಮ್ಮ ಮನೆಯಲ್ಲಿ ನಮ್ಮ ಮಾವನವರ ಕಾಲದ ಕರಿ ಕಂಬಳಿಯೊಂದಿದೆ. ಯಜಮಾನರು ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವಾಗ ಹೆಗಲ ಮೇಲೆ ಹಾಕಿಕೊಂಡು ಹೋಗುತ್ತಾರೆ, ದಾರಿಯಲ್ಲಿ ಜನದ ನಡುವೆ ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ ಹಾಸಿ ಮಲಗುತ್ತಾರೆ. ಮನೆಗೆ ಬಂದ ಮೇಲೆ ಅದು ದೇವರ ಕಂಬಳಿ. ಉಣ್ಣೆಗೆ ಮೈಲಿಗೆ ಇಲ್ಲ, ಅದು ಯಾವತ್ತೂ ಮಡಿ, ಅದಕ್ಕೆ ನೀರು ತಾಗಿಸಬೇಕಾಗಿಲ್ಲ. ಕೂಸು ಹುಟ್ಟಿ ಮನೆಗೆ ಬಂದಾಗ ಮೊದಲು ಅದರ ಮೇಲೆ ಮಲಗಿಸಿ, ಆಮೇಲೆ ತೊಟ್ಟಿಲಿಗೆ ಹಾಕುವ ಶಾಸ್ತ್ರದವರೆಗೆ ಬಾಣಂತಿಯ ತಲೆಯ ಹತ್ತಿರ ಗೋಡೆಗೂಡಿನಲ್ಲಿ ಮಡಿಸಿಡುವುದು ನಮ್ಮ ಮನೆಯ ಪದ್ಧತಿ. ಔಷಧಿ ಹೊಡೆಯುವಾಗ ಯಜಮಾನರು ಭಕ್ತಿಯಿಂದ ಅದನ್ನು ಎತ್ತಿ ದೇವರ ಕೋಣೆಯಲ್ಲಿಟ್ಟಿದ್ದರು. ಕೋಣೆ ತೊಳೆದ ಮೇಲೆ ನಾನೇ ಭಕ್ತಿಯಿಂದ ತಂದು ಗೂಡಿಗೆ ಇಟ್ಟಿದ್ದೆ.

ಮೂರು ದಿನ ಬಿಳಿ ಹೊದಿಕೆ ಬಿಳಿಯಾಗಿಯೇ ಇತ್ತು. ನಾಲ್ಕನೇ ದಿನ ಕೂಸಿನ ಹಣೆಯ ಮೇಲೆ ಎರಡು ಗುಳ್ಳೆ, ಕಣ್ಣಿನಿಂದ ಒಂದು ಬೆರಳು ಮೇಲೆ. ಬಟ್ಟಲಿನ ನೀರಲ್ಲಿ ಒಂದು ಹುಳವೂ ಬಿದ್ದಿರಲಿಲ್ಲ. ಅಂದರೆ ನೆಲದಿಂದ ಹತ್ತಿಲ್ಲ. ತಲೆ ಎತ್ತಿ ನೋಡಿದೆ. ಗೂಡಿನ ಅಂಚಿನಿಂದ ಕಪ್ಪು ಚುಕ್ಕೆಗಳು ಗೋಡೆಯ ಸುಣ್ಣದ ಮೇಲೆ ಇಳಿದಿದ್ದವು. ಪರದೆಯ ಹಗ್ಗ ಕಟ್ಟಿದ್ದ ಮೊಳೆ ಅಲ್ಲೇ ಪಕ್ಕದಲ್ಲಿತ್ತು. ಹಗ್ಗವೇ ಅವಕ್ಕೆ ಸೇತುವೆ.

ಕಂಬಳಿ ಇಳಿಸಿ ಅಂಗಳಕ್ಕೆ ತಂದು ಒಂದು ಮಡಿಕೆ ಬಿಡಿಸಿದೆ. ಮಡಿಕೆಯುದ್ದಕ್ಕೂ ತಿಗಣೆ, ಮರಿ, ಮೊಟ್ಟೆ ಮೆತ್ತಿಕೊಂಡಿದ್ದವು. ಅಷ್ಟು ದಿನ ಬೀಗಿತ್ತಿಯ ಮೇಲೆ, ಗಂಡನ ಮೇಲೆ, ಅಂಗಡಿಯವನ ಮೇಲೆ ಕಾರಿದ ಸಿಟ್ಟೆಲ್ಲ ಒಂದೇ ಸಲಕ್ಕೆ ನನ್ನ ಮೇಲೆ ತಿರುಗಿತು. ಬೆಟ್ಟದ ದಾರಿಯಿಂದ ಮನೆಗೆ ಬಂದ ಆ ಹುಳವನ್ನು ಕೂಸಿನ ನೆತ್ತಿಯ ಹತ್ತಿರ ಮಡಿಸಿಟ್ಟು, ದಿನಾ ಬೆಳಗ್ಗೆ ಅದಕ್ಕೆ ವಿಭೂತಿ ಹಚ್ಚಿ ಕೈ ಮುಗಿದವಳು ನಾನು.

ಕಡಾಯಿಗೆ ನೀರು ತುಂಬುತ್ತಿದ್ದಾಗ ಯಜಮಾನರು ಹೊಲದಿಂದ ಬಂದರು.

“ಏಯ್, ಅದ್ನ ಬೇಯಿಸ್ಬೇಡ. ಅಪ್ಪನ ಕಾಲದ್ದು. ಬಿಸ್ಲಿಗೆ ಆಕು ಸಾಕು.”

“ಬಿಸ್ಲಿಗೆ ಆಕಿದ್ರ ನೆರಳಿನ ಮಗ್ಗಲಿಗೆ ಓಗಿ ಕೂತ್ಕತವ.”

“ಉಣ್ಣೆಗೆ ಮೈಲಿಗೆ ಇಲ್ಲ ಅಂತ ನೀನೇ ತಾನೆ ಅಂತಿದ್ದದ್ದು?”

“ಮೈಲಿಗೆ ಇಲ್ಲ. ತಿಗಣೆ ಅದ.”

“ಇವತ್ತು ಸ್ವಾಮಾರ ಕಣೆ.”

ಅದು ನನಗೂ ಗೊತ್ತಿತ್ತು. ಸೋಮವಾರ ನಾನು ಸಕ್ಕರೆ ಡಬ್ಬಿಯ ಇರುವೆಯನ್ನೂ ಕೊಲ್ಲುವುದಿಲ್ಲ, ಊದಿ ಬಿಡುತ್ತೇನೆ. ಮಂಗಳವಾರದವರೆಗೆ ತಡೆಯಬಹುದಿತ್ತು. ಆದರೆ ಅವತ್ತಿನ ಬೆಳಗಿನ ಜಾವ ಕೂಸಿನ ಕಣ್ಣಿಗೂ ಗುಳ್ಳೆಗೂ ನಡುವೆ ಉಳಿದದ್ದು ಒಂದೇ ಬೆರಳು. ನೀರು ಕೊತಕೊತ ಕುದಿಯಲು ಬಿಟ್ಟು ಕಂಬಳಿ ಇಳಿಬಿಟ್ಟೆ. ಕೋಲಿನಿಂದ ಒಳಗೆ ಒತ್ತುತ್ತಾ ಮನಸ್ಸಿನಲ್ಲೇ ಜಗಳವಾಡಿದೆ: ಮಾದಪ್ಪ, ಹುಲಿ ಮೇಲೆ ಕೂರೋನು ನೀನು. ನಿನಗೇನು ಚಳಿಯಾ? ತಪ್ಪು ಅಂದ್ರೆ ನನಗೆ ಹಾಕು, ಕೂಸನ್ನ ಬಿಡು.

ಯಜಮಾನರು ಜಗಲಿಯ ಮೇಲೆ ಮುಖ ತಿರುಗಿಸಿ ಕುಳಿತರು. ಇಬ್ಬರು ಮಲಗುವಷ್ಟಿದ್ದ ಕಂಬಳಿ ಒಣಗಿದ ಮೇಲೆ ಮುದುರಿ, ಗಟ್ಟಿಯಾಗಿ, ಒಬ್ಬರು ಕೂರುವಷ್ಟಾಯಿತು. ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಆದರೆ ಗೂಡಿನ ಬಿರುಕುಗಳಿಗೆ ಸಿಮೆಂಟು ಕಲಸಿ ತಂದು ಮೆತ್ತಿದವರು ಅವರೇ. ಪರದೆಯ ಹಗ್ಗವನ್ನು ಗೋಡೆಯಿಂದ ಬಿಡಿಸಿ ಮಂಚಕ್ಕೇ ಕೋಲು ಕಟ್ಟಿ ನಿಲ್ಲಿಸಿದವರೂ ಅವರೇ. ಅದನ್ನೂ ಒಂದು ಕರುಣೆಯೆಂದೇ ಎಣಿಸಿಕೊಂಡೆ.

ಸಾಬರು ಹೇಳಿದ ಹತ್ತನೇ ದಿನ ಕಡಾಯಿ, ಕೆಟಲು, ಮಂಚ ಎಲ್ಲವನ್ನೂ ಇನ್ನೊಂದು ಸಲ ಮಾಡಿದೆ. ಒಂದು ಸ್ಕ್ರೂ ತೂತಿನಲ್ಲಿ ಎಳ್ಳಿನಷ್ಟು ಎರಡು ಮರಿ ಸಿಕ್ಕವು, ಬಣ್ಣ ಬಾರದ ಮರಿ. ಅವು ಕೂಸಿನ ರಕ್ತ ಕುಡಿದಿರಲಿಲ್ಲ.

ಇಪ್ಪತ್ತನೇ ದಿನ ಬೀಗಿತ್ತಿ ಬಂದರು. ಕೈಯಲ್ಲಿ ದೊಡ್ಡ ಖಾಲಿ ಬ್ಯಾಗು. ಕರೆದುಕೊಂಡು ಹೋಗುವುದೆಂದು ತೀರ್ಮಾನ ಮಾಡಿಯೇ ಹೊರಟಿದ್ದರು.

“ಬ್ಯಾಗು ಅಲ್ಲೇ ಕಲ್ಲಿನ ಮೇಲೆ ಇಡಿ ಅಕ್ಕ. ಬಿಸ್ಲು ಬೀಳ್ಲಿ. ಒಳಕ್ಕೆ ಬ್ಯಾಡ.”

“ಯಾಕವ್ವ, ನಿಮ್ಮನೆ ಉಳ ನನ್ನ ಬ್ಯಾಗಿಗೆ ಅತ್ಕತದ ಅಂತಲಾ?”

“ಬಸ್ಸಲ್ಲಿ ಬಂದ ಬ್ಯಾಗು. ಯಾರದ್ದಾದ್ರೂ ಇಂಗೇ.”

ಅವರು ಬ್ಯಾಗನ್ನು ಕಲ್ಲಿನ ಮೇಲೆ ಕುಕ್ಕಿದರು. ಒಳಗೆ ಬಂದು ಕೂಸನ್ನು ಬಿಚ್ಚಿ ನೋಡಿದರು. ಹಳೆಯ ಗುಳ್ಳೆಗಳ ಕಲೆ ಬಿಟ್ಟರೆ ಏನೂ ಇರಲಿಲ್ಲ. ಹೊದಿಕೆ ಎತ್ತಿದರು, ದಿಂಬು ಮೂಸಿದರು, ಬಟ್ಟಲುಗಳನ್ನು ಬಗ್ಗಿ ನೋಡಿದರು. ಆಮೇಲೆ ಹೇಳಿದರು: “ಅಗಲೊತ್ತಲ್ಲಿ ಏನು ಕಂಡದು? ನಾಳೆ ಬೆಳಗ್ಗೆ ಆಟೋಕ್ಕ ಏಳಿವ್ನಿ. ಒಲ್ಟೋಗದೇಯ.”

ಮಗಳು ಕೂಸನ್ನು ಎದೆಗೆ ಒತ್ತಿಕೊಂಡು ನನ್ನ ಮುಖ ನೋಡಿದಳು. ಬೀಗರ ಮುಂದೆ ಬಾಯಿ ಬಿಡಬಾರದೆಂಬ ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು.

“ಇವತ್ತು ಈ ಮಂಚದ ಮೇಲೆ ನೀವು ಮಲಗಿ ಅಕ್ಕ, ಕೂಸಿನ ಪಕ್ಕದಲ್ಲಿ” ಅಂದೆ. “ನನ್ನ ಮಗಳು ನನ್ನತ್ರ ಮಲಗ್ತಾಳ. ಕೂಸು ಅಳ್ತಿದ್ದಂಗೆ ಎದ್ದು ಬಂದು ಆಲು ಕೊಡ್ತಾಳ. ಬೆಳಗ್ಗೆ ನಿಮ್ಮ ಮೈಮೇಲೆ ಒಂದೇ ಒಂದು ಗುಳ್ಳೆ ಇರ್ಲಿ, ನಾನೇ ಬಟ್ಟೆ ಕಟ್ಟಿ ಆಟೋ ಅತ್ತಿಸ್ತೀನಿ. ಇಲ್ದೇ ಇದ್ರ ಅವ್ಳು ಮೂರು ತಿಂಗ್ಳು ತುಂಬೋವರ್ಗೂ ಇಲ್ಲಿಂದ ಏಳಾಕಿಲ್ಲ. ನಿಮ್ಮನೇಲಿ ಅವ್ಳಿಗೆ ಏನು ಕಾಯ್ತಾ ಅದ ಅನ್ನೋದು ನಿಮ್ಗೂ ಗೊತ್ತು, ನನ್ಗೂ ಗೊತ್ತು.”

ಬೀಗಿತ್ತಿ ಮಂಚದ ಅಂಚಿನಲ್ಲಿ ಕುಳಿತು ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದರು. ಆಮೇಲೆ, “ದಿಂಬು ಇನ್ನೊಂದು ಕೊಡಿ” ಅಂದರು.

ಅವತ್ತು ನಾನು ನಿದ್ದೆ ಮಾಡಿದೆ ಎಂದರೆ ಯಾರೂ ನಂಬಬೇಡಿ. ಮಾಡಿದ ಕೆಲಸದಲ್ಲಿ ಎಲ್ಲಿ ಲೋಪವಾಯಿತು, ಯಾವ ತೂತು ಬಿಟ್ಟೆ ಎಂದು ಮಂಚವನ್ನು ಮನಸ್ಸಿನಲ್ಲೇ ಬಿಚ್ಚಿ ಬಿಚ್ಚಿ ಜೋಡಿಸಿದೆ. ಬೆಳಗ್ಗೆ ಮಿಂದು ಪೂಜೆ ಮುಗಿಸಿ ಕಾಫಿ ತೆಗೆದುಕೊಂಡು ಹೋದಾಗ ಬೀಗಿತ್ತಿ ಕಿಟಕಿಯ ಬೆಳಕಿನಲ್ಲಿ ಕುಳಿತು ತಮ್ಮ ಎರಡು ತೋಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ನಾನು ಲೋಟ ಹಿಡಿದುಕೊಂಡು ನಿಂತೇ ಇದ್ದೆ.

“ಮಂಚ ಕಿರಗುಟ್ತದ ಕಣಮ್ಮ” ಅಂದರು. “ನಿದ್ದೆ ಬರ್ನಿಲ್ಲ.”

“ಇನ್ನೇನಾದ್ರೂ?”

ಅವರು ಲೋಟ ತೆಗೆದುಕೊಂಡು ಸೀರೆಯ ಸೆರಗು ಸರಿ ಮಾಡಿಕೊಂಡರು. “ಸಕ್ರೆ ಒಸಿ ಕಮ್ಮಿ ಅದ.”

ಎಂಟು ಗಂಟೆಗೆ ಬಂದ ಆಟೋದಲ್ಲಿ ಅವರೊಬ್ಬರೇ ಹೋದರು. ನನಗೆ ಅವರ ಮೇಲಿನ ಕೋಪ ಇಳಿದಿರಲಿಲ್ಲ, ಇವತ್ತಿಗೂ ಇಳಿದಿಲ್ಲ. ಗೇಟು ಹಾಕಿ ಒಳಗೆ ಬಂದರೆ ಮಗಳು ಆಗಲೇ ತನ್ನ ಮಂಚಕ್ಕೆ ಹೋಗಿ, ಬಾಯಿ ತೆರೆದುಕೊಂಡು ನಿದ್ದೆಹೋಗಿದ್ದಳು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ತಿಂಡಿ ಆರಿಹೋಯಿತು. ನಾನು ಎಬ್ಬಿಸಲಿಲ್ಲ.